ಗಿಟಾರ್ ಕಾಯುವ ಕೆಲಸ

ನನಗೆ ಗಿಟಾರ್ ನುಡಿಸಲು ಬರುವುದಿಲ್ಲ. ಆದರೂ ಕಳೆದ ಆರು ವರ್ಷಗಳಿಂದ ಒಂದು ಗಿಟಾರನ್ನು ಕಾಯುವ ಕೆಲಸ ನನ್ನದು. ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ಇನ್ನೊಬ್ಬರ ಹಣ ಎಣಿಸಿದವನಿಗೆ ಇನ್ನೊಬ್ಬರ ವಾದ್ಯವನ್ನು ಕಾಯುವುದು ಅಂಥ ಹೊಸ ವಿದ್ಯೆಯೇನಲ್ಲ.

ಗಿಟಾರ್ ನನ್ನ ದೊಡ್ಡಣ್ಣನದು. ಮುಂಬೈಯಲ್ಲಿ ಕೆಲಸದಲ್ಲಿದ್ದಾಗ 1972ರಲ್ಲಿ ಉಳಿತಾಯ ಮಾಡಿ ಕೊಂಡದ್ದು. ನಿವೃತ್ತನಾಗಿ ಮಂಗಳೂರಿಗೆ ಬರುವಾಗ ಬೇರೆ ಸಾಮಾನನ್ನೆಲ್ಲ ಲಾರಿಗೆ ಹಾಕಿ ಇದೊಂದನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಬಂದಿದ್ದ. ಅವನು ತೀರಿಕೊಂಡ ಮೇಲೆ ಅತ್ತಿಗೆ ಅದನ್ನು ನಮ್ಮ ಮನೆಗೆ ಕಳುಹಿಸಿದರು. ಅದರ ದುಂಡು ರಂಧ್ರದ ಕೆಳಗೆ ಬೆರಳು ತಾಗಿ ತಾಗಿ ಬಣ್ಣ ಹೋದ ಒಂದು ಜಾಗವಿದೆ. ಈಗ ಅದೇ ಜಾಗದ ಮೇಲೆ ಏಳನೇ ತರಗತಿಯ ನನ್ನ ಮೊಮ್ಮಗಳ ಬೆರಳು ಓಡಾಡುತ್ತದೆ. ಅಣ್ಣ ಹಾಡಿದ್ದನ್ನು ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ. ಉಳಿದಿರುವುದು ಈ ಮರದ ಪೆಟ್ಟಿಗೆಯ ಸ್ವರ ಮಾತ್ರ. ಹಾಗಾಗಿ ಅದು ಉಬ್ಬಬಾರದು, ಒಡೆಯಬಾರದು ಎಂಬ ಹಟ ನನಗೆ.

ಮಂಗಳೂರಿಗೆ ಗಿಟಾರ್ ಹೊಸತಲ್ಲ. ಇಲ್ಲಿಯ ಕೊಂಕಣಿ ಹಾಡುಗಳ ಜೊತೆಗೆ ಅದು ಎಷ್ಟೋ ಮನೆಗಳ ಚಾವಡಿಗೆ ಬಂದು ಕೂತಿದೆ. ‘ಕೊಂಕಣ ಕೋಗುಳ್’ ಎಂದೇ ಹೆಸರಾಗಿದ್ದ ವಿಲ್ಫಿ ರೆಬಿಂಬಸ್ ಅವರ ಹಾಡುಗಳನ್ನು ಕೇಳದ ಕಿವಿ ನಮ್ಮ ತಲೆಮಾರಿನಲ್ಲಿ ಕಡಿಮೆ. 2008ರಲ್ಲಿ ಮಾಂಡ್ ಸೊಭಾಣ್ ಸಂಸ್ಥೆಯವರು ಶಕ್ತಿನಗರದ ಕಲಾಂಗಣದಲ್ಲಿ 40 ಗಂಟೆ ಬಿಡದೆ ಕೊಂಕಣಿ ಹಾಡಿಸಿದರು. ಇಷ್ಟೆಲ್ಲ ಇದ್ದರೂ ಗಿಟಾರನ್ನು ಮನೆಯಲ್ಲಿ ಇಡುವುದು ಹೇಗೆಂದು ಕೇಳಿದರೆ ಸಿಗುವ ಉತ್ತರ ‘ಕಪಾಟಿನ ಮೇಲೆ ಇಡಿ ಮಾರಾಯರೇ’ ಎಂಬುದೇ.

ಕಪಾಟಿನ ಮೇಲೆ ಏಕೆ ಇಡಬಾರದು ಎನ್ನುವ ಮೊದಲು, ಮಕ್ಕಳೇ, ನಿಮ್ಮ ಅಡುಗೆಮನೆಯ ಉಪ್ಪಿನ ಭರಣಿಯನ್ನು ನೋಡಿ ಬನ್ನಿ. ಏಪ್ರಿಲಿನಲ್ಲಿ ಹುಡಿಹುಡಿಯಾಗಿದ್ದ ಉಪ್ಪು ಜುಲೈಯಲ್ಲಿ ನೀರು ಬಿಟ್ಟುಕೊಂಡು ಕೂತಿರುತ್ತದೆ. ಯಾರೂ ಅದಕ್ಕೆ ನೀರು ಹಾಕಿರುವುದಿಲ್ಲ. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದಾಗ ಉಪ್ಪು ಗಾಳಿಯಿಂದಲೇ ನೀರನ್ನು ಎಳೆದುಕೊಂಡು ಕರಗತೊಡಗುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಎದುರಿಗೆ ಅರಬ್ಬೀ ಸಮುದ್ರವಿರುವ ಈ ಊರಿನಲ್ಲಿ ಮಳೆಗಾಲದ ಗಾಳಿ ವಾರಗಟ್ಟಲೆ ಆ ಗಡಿಯ ಮೇಲೆಯೇ ಇರುತ್ತದೆ. ಗಿಟಾರಿಗೆ ಹಿತವಾದದ್ದು 45ರಿಂದ 55. ಅಂದರೆ ನಿಮ್ಮ ಮನೆಯ ಉಪ್ಪು ಕರಗುತ್ತಿದೆ ಎಂದರೆ ಗಿಟಾರಿಗೂ ಕಷ್ಟಕಾಲ ಬಂದಿದೆ ಎಂದೇ ಅರ್ಥ.

ಮರ ಸತ್ತ ಮೇಲೂ ನೀರು ಕುಡಿಯುವುದನ್ನು ಬಿಡುವುದಿಲ್ಲ. ಮಳೆಗಾಲದಲ್ಲಿ ಬಾಗಿಲು ಬಿಗಿಯಾಗಿ ಹಾಕಲಾಗದೆ ಬಡಗಿಯನ್ನು ಕರೆಸುವವರಿಗೆ ಇದು ಗೊತ್ತು. ನೀರು ಕುಡಿದ ಹಲಗೆ ಎಳೆಯ ಉದ್ದಕ್ಕೆ ಬೆಳೆಯುವುದು ತೀರಾ ಕಡಿಮೆ, ಅಡ್ಡಕ್ಕೆ ಹಿಗ್ಗುತ್ತದೆ. ಗಿಟಾರಿನ ಮೇಲ್ಹಲಗೆ ಹೆಚ್ಚೆಂದರೆ ಮೂರು ಮಿಲಿಮೀಟರ್ ದಪ್ಪ. ಅದರ ಅಂಚನ್ನು ಸುತ್ತಲೂ ಅಂಟಿನಿಂದ ಹಿಡಿದಿಟ್ಟಿರುತ್ತಾರೆ. ಪಕ್ಕಕ್ಕೆ ಹಿಗ್ಗಲು ಜಾಗವಿಲ್ಲದೆ ಅದು ಹೊಟ್ಟೆಯಂತೆ ಮೇಲಕ್ಕೆ ಉಬ್ಬುತ್ತದೆ. ಹಲಗೆ ಉಬ್ಬಿದರೆ ತಂತಿಗಳೂ ಮೇಲೇಳುತ್ತವೆ, ಒತ್ತುವ ಮಕ್ಕಳ ಬೆರಳು ನೋಯುತ್ತದೆ. ‘ನನಗೆ ಇದು ಬರುವುದಿಲ್ಲ’ ಎಂದು ಮಗು ಗಿಟಾರ್ ಬಿಟ್ಟರೆ ತಪ್ಪು ಮಗುವಿನದ್ದಾಗಿರಬೇಕೆಂದಿಲ್ಲ, ಆಟಿ ತಿಂಗಳದ್ದೂ ಆಗಿರಬಹುದು.

ಇನ್ನು ತಂತಿಯ ಸೆಳೆತ. ಉಕ್ಕಿನ ಆರು ತಂತಿಗಳನ್ನು ಸ್ವರಕ್ಕೆ ಬಿಗಿದಾಗ ಒಟ್ಟು ಸೆಳೆತ ಸುಮಾರು 70 ಕಿಲೋ. ಐವತ್ತು ಕಿಲೋದ ಅಕ್ಕಿಮೂಟೆ, ಅದರ ಮೇಲೆ ಒಂದನೇ ತರಗತಿಯ ಒಂದು ಮಗು ಎಂದು ಲೆಕ್ಕ ಹಾಕಿಕೊಳ್ಳಿ. ಹಗಲೂ ರಾತ್ರಿ ಇಷ್ಟನ್ನು ತಡೆದು ಹಿಡಿಯುವುದು ಮೇಲ್ಹಲಗೆಗೆ ಅಂಟಿಸಿದ ಗೇಣುದ್ದಕ್ಕೂ ಕಡಿಮೆಯ ಒಂದು ಮರದ ತುಂಡು. ಅದಕ್ಕೆ ಬ್ರಿಜ್ ಎನ್ನುತ್ತಾರೆ. ನಮ್ಮ ಓಣಿಯ ಹುಡುಗನೊಬ್ಬ ಗಿಟಾರನ್ನು ಪಡುದಿಕ್ಕಿನ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದ. ಜಡಿಮಳೆಯ ಒಂದು ರಾತ್ರಿ ಆ ಬ್ರಿಜ್ ಕಿತ್ತುಬಂತು. ಮನೆಯವರೆಲ್ಲ ತೆಂಗಿನಕಾಯಿ ಬಿತ್ತೆಂದು ಎದ್ದು ಕೂತರಂತೆ.

ಹಾಗಾದರೆ ಎಲ್ಲಿಡಬೇಕು? ನಮ್ಮ ಮಳೆ ಬರುವುದು ಪಡುವಣ ಮತ್ತು ನೈಋತ್ಯದಿಂದ. ಆ ಕಡೆಯ ಗೋಡೆ ಮುರಕಲ್ಲಿನದ್ದಾದರಂತೂ ಸ್ಪಂಜಿನಂತೆ ನೀರು ಕುಡಿಯುತ್ತದೆ. ಆದ್ದರಿಂದ ಹೊರಗೋಡೆ ಬೇಡವೇ ಬೇಡ. ಎರಡು ಕೋಣೆಗಳ ನಡುವಿನ ಒಳಗೋಡೆ ಆಗಬಹುದು. ನೆಲದ ಮೇಲೂ ಬೇಡ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಅಲ್ಲದೆ ಓಡಾಡುವವರ ಕಾಲು ತಾಗುತ್ತದೆ. ಕಪಾಟಿನ ಮೇಲೆ ಬೇಡ ಎಂದದ್ದು ಬೇಸಗೆಗಾಗಿ. ತಾರಸಿ ಮನೆಯಲ್ಲಿ ಸ್ಲಾಬಿನ ಕೆಳಗಿನ ಒಂದೆರಡು ಅಡಿ ಜಾಗ ಏಪ್ರಿಲಿನಲ್ಲಿ ಕಾದ ಕಾವಲಿಯ ಹಾಗಿರುತ್ತದೆ. ಬಿಸಿಗೆ ಅಂಟು ಮೆತ್ತಗಾಗುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಗಿಟಾರ್ ಬಿಟ್ಟುಹೋಗಬಾರದೆನ್ನುವುದೂ ಇದಕ್ಕೇ. ಹಂಚಿನ ಮನೆಯ ಅಟ್ಟ ತಂಪೇ ಸರಿ. ನಮ್ಮ ಹಿರಿಯರು ಅಕ್ಕಿಯ ಮುಡಿಯನ್ನು ಅಲ್ಲಿಟ್ಟು ಮಳೆಗಾಲ ದಾಟಿಸುತ್ತಿದ್ದರು. ಆದರೆ ಮುಡಿಗೆ ಹಿತವಾದ ಒಲೆಯ ಹೊಗೆ ಗಿಟಾರಿಗೆ ಆಗದು. ಇಲಿ, ಜಿರಲೆಗಳಿಗಂತೂ ಆ ದುಂಡು ರಂಧ್ರ ಬಾಗಿಲು ತೆರೆದಿಟ್ಟ ಬಾಡಿಗೆಮನೆ ಇದ್ದ ಹಾಗೆ.

ನಾನು ಕಂಡುಕೊಂಡ ಜಾಗ ಮಲಗುವ ಕೋಣೆಯ ಒಳಗೋಡೆಯ ಪಕ್ಕ, ಒಂದು ಮರದ ಬೆಂಚಿನ ಮೇಲೆ, ಗಟ್ಟಿ ಪೆಟ್ಟಿಗೆಯೊಳಗೆ. ಬಟ್ಟೆಯ ಚೀಲ ಹೊತ್ತೊಯ್ಯಲು ಸರಿ, ಮಳೆಗಾಲಕ್ಕೆ ಸಾಲದು. ಪೆಟ್ಟಿಗೆ ಏಕೆಂದರೆ, ಇಡೀ ಮನೆಯ ಗಾಳಿಯನ್ನು ಒಣಗಿಸಲು ನಮ್ಮಂಥವರಿಂದ ಸಾಧ್ಯವಿಲ್ಲ. ಅದು ನೇತ್ರಾವತಿಯನ್ನು ಬೈರಾಸಿನಿಂದ ಒರಸಲು ಹೊರಟಂತೆ. ಪೆಟ್ಟಿಗೆಯೊಳಗಿನ ಗಾಳಿ ಸ್ವಲ್ಪ, ಅದನ್ನು ಸಿಲಿಕಾ ಜೆಲ್ ಎಂಬ ಹರಳುಗಳು ಒಣಗಿಸಬಲ್ಲವು. ಅವನ್ನು ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ, ಮರಕ್ಕೆ ತಾಗದಂತೆ, ಕುತ್ತಿಗೆಯ ಪಕ್ಕದ ಖಾಲಿ ಜಾಗದಲ್ಲಿಡಬೇಕು. ನೀಲಿ ಹರಳು ನೀರು ಕುಡಿದು ಗುಲಾಬಿಯಾಗುತ್ತದೆ. ನೋಡಲು ಚೆಂದವೇ. ಆದರೆ ಆ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಕ್ಲೋರೈಡ್ ವಿಷ. ಚಿಕ್ಕ ಮಕ್ಕಳಿರುವ ಮನೆಗೆ ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ್ದೇ ವಾಸಿ, ಅದನ್ನೂ ಬಾಯಿಗೆ ಹಾಕಬಾರದು. ಕುಡಿದ ನೀರನ್ನು ಬಿಸಿ ಮಾಡಿ ಬಿಡಿಸಿದರೆ ಹರಳು ಮತ್ತೆ ಕೆಲಸಕ್ಕೆ ಬರುತ್ತದೆ. ಆ ಕೆಲಸ ದೊಡ್ಡವರದು.

ಪೆಟ್ಟಿಗೆಯೊಳಗೆ ತೇವಾಂಶ ತೋರಿಸುವ ಒಂದು ಪುಟ್ಟ ಮೀಟರನ್ನೂ ಇಟ್ಟಿದ್ದೇನೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅಗ್ಗದ ಮೀಟರನ್ನು ನಂಬುವುದು ಹೇಗೆ? ಬ್ಯಾಂಕಿನಲ್ಲಿದ್ದವನಿಗೆ ತಾಳೆ ನೋಡದ ಅಂಕಿ ಅಂಕಿಯೇ ಅಲ್ಲ. ಇಲ್ಲಿಯೂ ಉಪ್ಪೇ ನೆರವಿಗೆ ಬರುತ್ತದೆ. ಬಾಟಲಿಯ ಮುಚ್ಚಳದಲ್ಲಿ ಉಪ್ಪು ಹಾಕಿ, ಅದು ಕರಗದೆ ಒದ್ದೆ ಮರಳಿನಂತಾಗುವಷ್ಟು ಹನಿ ನೀರು ಬಿಡಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಬಿಡಿ. ಒಳಗಿನ ತೇವಾಂಶ 75ಕ್ಕೆ ಬಂದು ನಿಲ್ಲುತ್ತದೆ. ಮೀಟರ್ 71 ತೋರಿಸಿದರೆ ಮುಂದೆ ಅದು ಹೇಳಿದ್ದಕ್ಕೆಲ್ಲ ನಾಲ್ಕು ಕೂಡಿಸಿಕೊಳ್ಳಿ. ಮೊಮ್ಮಗಳು ಇದನ್ನು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಾಡಿ ತೋರಿಸಿದಳು. ಬಹುಮಾನ ಜ್ವಾಲಾಮುಖಿಯ ಮಾದರಿಗೆ ಹೋಯಿತು. ಜ್ವಾಲಾಮುಖಿಗೆ ಬರುವಷ್ಟು ಹೊಗೆ ಉಪ್ಪಿಗೆ ಬರುವುದಿಲ್ಲವಲ್ಲ.

ಆ ಅಂಕಿಯನ್ನು ಬೆಳಗ್ಗೆ ಏಳಕ್ಕೆ ಮತ್ತು ರಾತ್ರಿ ಊಟಕ್ಕೆ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ತಾರೀಕು, ಹೊರಗಿನ ಅಂಕಿ, ಪೆಟ್ಟಿಗೆಯೊಳಗಿನ ಅಂಕಿ, ಷರಾ. ಮನೆಯವರು ನಗುತ್ತಾರೆ. ಆದರೆ ಹರಳು ಯಾವಾಗ ಸೋತಿತು, ಪೆಟ್ಟಿಗೆ ಎಷ್ಟು ಹೊತ್ತು ತೆರೆದಿತ್ತು ಎಂಬುದೆಲ್ಲ ಆ ಪುಟಗಳಿಂದಲೇ ತಿಳಿಯುತ್ತದೆ. ಜುಲೈಯಲ್ಲಿ ಹೊರಗೆ 90 ಇರುವಾಗ ಒಳಗೆ 60 ಇದ್ದರೆ ನನಗೆ ತೃಪ್ತಿ. ಐವತ್ತೇ ಬೇಕೆಂದು ಹರಳಿನ ಮೇಲೆ ಹರಳು ಸುರಿಯುವುದಕ್ಕಿಂತ, ಅಂಕಿ ದಿಢೀರನೆ ಏರಿಳಿಯದಂತೆ ನೋಡುವುದು ಮುಖ್ಯ ಎಂದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ಗಿಟಾರಿಗೂ ಪತ್ತನಾಜೆ ಇದೆ. ತುಳುನಾಡಿನಲ್ಲಿ ಬೇಷ ತಿಂಗಳ ಹತ್ತನೆಯ ದಿನ, ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆ ದಿನ ಗಿಟಾರೂ ಗೋಡೆಯ ಕೊಕ್ಕೆಯಿಂದ ಪೆಟ್ಟಿಗೆಗೆ ಇಳಿಯುತ್ತದೆ. ಅದಕ್ಕೆ ಮುಂಚೆ ಹಳೆಯ ಮೆತ್ತನೆಯ ಬೈರಾಸಿನಿಂದ ಒರಸಬೇಕು, ತಂತಿಗಳನ್ನು ಒಂದೊಂದಾಗಿ, ಅಡಿಯನ್ನೂ ಸೇರಿಸಿ. ಬೆರಳಿನ ಬೆವರು ಮತ್ತು ಕಡಲಿನ ಗಾಳಿ ಸೇರಿದರೆ ತಂತಿಗೆ ತುಕ್ಕು ಹಿಡಿಯಲು ಹೆಚ್ಚು ದಿನ ಬೇಡ. ತೆಂಗಿನೆಣ್ಣೆ ಹಚ್ಚಿದರೆ ಹೊಳೆಯುತ್ತದೆ ಎಂದು ನೆಂಟರೊಬ್ಬರು ಸಲಹೆ ಕೊಟ್ಟರು. ನಾನು ಎಣ್ಣೆಯನ್ನು ತಲೆಗೆ ಹಚ್ಚಿಕೊಂಡೆ. ತಿಂಗಳುಗಟ್ಟಲೆ ನುಡಿಸುವುದಿಲ್ಲವಾದರೆ ತಂತಿಗಳನ್ನು ಒಂದು ಸ್ವರದಷ್ಟು ಇಳಿಸಬೇಕು. ಪೂರ್ತಿ ಬಿಚ್ಚುವುದು ಬೇಡ. ಕುತ್ತಿಗೆಯ ಮರ ಆ ಸೆಳೆತಕ್ಕೆ ಎದುರಾಗಿಯೇ ನೆಟ್ಟಗೆ ನಿಂತಿರುತ್ತದೆ. ನಮ್ಮಲ್ಲಿ ಮಳೆಗಾಲದಲ್ಲೂ ದಿನಕ್ಕೆ ಅರ್ಧ ಗಂಟೆ ನುಡಿಸುವುದುಂಟು. ನುಡಿಸಿ, ಒರಸಿ, ತಕ್ಷಣ ಪೆಟ್ಟಿಗೆಗೆ.

ಪ್ಲೈವುಡ್ಡಿನ ಗಿಟಾರಿಗೆ ಇಷ್ಟೆಲ್ಲ ಆರೈಕೆ ಬೇಡ, ಅದು ಗಟ್ಟಿಗ. ನಿಮ್ಮದು ಯಾವುದೆಂದು ತಿಳಿಯಲು ದುಂಡು ರಂಧ್ರದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಪದರ ಪದರವಾಗಿ ಕಂಡರೆ ಪ್ಲೈವುಡ್. ಮೇಲಿನ ಮರದ ಗೆರೆಗಳೇ ಅಂಚಿನಲ್ಲೂ ಇಳಿದು ಬಂದಿದ್ದರೆ ಒಂದೇ ಹಲಗೆಯದು. ಅಣ್ಣನದು ಒಂದೇ ಹಲಗೆಯದು.

ಈಗ ನನಗೆ ಹೊಸ ಚಿಂತೆ ಹತ್ತಿದೆ. ಮಗನಿಗೆ ಬೆಂಗಳೂರಿಗೆ ವರ್ಗವಾಗಿದೆ. ಜೂನಿನಲ್ಲಿ ಮೊಮ್ಮಗಳೂ ಹೋಗುತ್ತಾಳೆ, ಗಿಟಾರೂ ಅವಳ ಜೊತೆ ಹೋಗಬೇಕು. ‘ಇಲ್ಲೇ ಇರಲಿ, ರಜೆಗೆ ಬಂದಾಗ ನುಡಿಸು’ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಲಾಕರಿನಲ್ಲಿಟ್ಟ ಚಿನ್ನವಾದರೆ ಹಾಗೇ ಇರುತ್ತದೆ, ಇದು ನುಡಿಸಲಿಕ್ಕೆ ಇರುವ ವಸ್ತು. ಆದರೆ ಬೆಂಗಳೂರಿನ ಕಷ್ಟ ಮಂಗಳೂರಿನ ಕಷ್ಟಕ್ಕೆ ಪೂರ್ತಿ ಉಲ್ಟಾ. ಮಾರ್ಚಿನ ಮಧ್ಯಾಹ್ನ ಅಲ್ಲಿಯ ತೇವಾಂಶ 30ಕ್ಕಿಂತ ಕೆಳಗೆ ಇಳಿಯುವುದಿದೆ. ಆಗ ಹಲಗೆ ಕುಗ್ಗುತ್ತದೆ, ಅಂಚಿನಲ್ಲಿ ಅಂಟು ಬಿಡದೆ ಹಿಡಿದಿರುತ್ತದೆ, ನಡುವೆ ಎಳೆಯ ಉದ್ದಕ್ಕೆ ಬಿರುಕು ಬೀಳುತ್ತದೆ. ಉಬ್ಬಿದ ಹಲಗೆ ಒಣಗಿದ ಮೇಲೆ ಬಹುಮಟ್ಟಿಗೆ ಇಳಿದೀತು. ಬಿರುಕು ತಾನಾಗಿ ಕೂಡುವುದಿಲ್ಲ.

ಹೊರದೇಶದ ಗಿಟಾರ್ ಪುಸ್ತಕಗಳಲ್ಲಿ ತೇವ ಕೊಡುವ ಉಪಾಯಗಳೇ ತುಂಬಿರುವುದು ಏಕೆಂದು ಮೊದಮೊದಲು ನನಗೆ ಆಶ್ಚರ್ಯವಾಗುತ್ತಿತ್ತು. ಚಳಿಗಾಲದಲ್ಲಿ ಮನೆಯನ್ನು ಬಿಸಿ ಮಾಡಿಕೊಳ್ಳುವ ಊರುಗಳಿಗಾಗಿ ಬರೆದದ್ದು ಅವು. ಒಳಗಿನ ಗಾಳಿ ಅಲ್ಲಿ ಒಣಗಿ ಹೋಗುತ್ತದೆ. ಮಂಗಳೂರಿನ ಜುಲೈಯಲ್ಲಿ ಆ ಉಪಾಯ ಮಾಡಿದರೆ ಮೀನಿಗೆ ನೀರು ಕುಡಿಸಿದಂತೆ. ಬೆಂಗಳೂರಿನ ಮಾರ್ಚಿಗೆ ಮಾತ್ರ ಅದೇ ಸರಿ. ಹಾಗಾಗಿ ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ಸೂಜಿ ಕಾಯಿಸಿ ತೂತು ಮಾಡಿದ್ದೇನೆ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜನ್ನು ಅದರೊಳಗಿಟ್ಟು, ಹೊರಗೆ ಒರಸಿ, ಸಿಲಿಕಾ ಚೀಲವಿದ್ದ ಜಾಗದಲ್ಲೇ ಇಟ್ಟರಾಯಿತು. ಮೀಟರ್ 40ಕ್ಕಿಂತ ಕೆಳಗೆ ಹೋದಾಗ ಇಡುವುದು, 55 ದಾಟಿದಾಗ ತೆಗೆಯುವುದು. ಮೊಮ್ಮಗಳಿಗೆ ಇದನ್ನು ಬರೆದುಕೊಟ್ಟಿದ್ದೇನೆ.

ಹೋಗುವುದು ಜೂನಿನಲ್ಲಿ ಎಂಬುದೊಂದು ಸಮಾಧಾನ. ಆಗ ಬೆಂಗಳೂರಿನಲ್ಲೂ ಮಳೆಯ ತಂಪು ಇರುತ್ತದೆ, ಮರಕ್ಕೆ ಹೊಂದಿಕೊಳ್ಳಲು ಎಂಟು ತಿಂಗಳು ಸಿಗುತ್ತದೆ. ರೈಲಿನಲ್ಲೇ ಒಯ್ಯಿರಿ, ಬಸ್ಸಿನ ಡಿಕ್ಕಿಯಲ್ಲಿ ಹಾಕಬೇಡಿ ಎಂದು ಹೇಳಿದ್ದೇನೆ. ಹೊಸ ಮನೆಗೆ ಮುಟ್ಟಿದೊಡನೆ ಪೆಟ್ಟಿಗೆ ತೆರೆಯದೆ ಒಂದು ರಾತ್ರಿ ಹಾಗೇ ಬಿಡಬೇಕೆಂದೂ ಹೇಳಿದ್ದೇನೆ. ನೋಟ್‌ಬುಕ್ಕನ್ನು ಪೆಟ್ಟಿಗೆಯ ಜೊತೆಗೆ ಕಳುಹಿಸುತ್ತೇನೆ. ಅದರಲ್ಲಿ 42 ಪುಟ ಖಾಲಿ ಇದೆ. ಭಾನುವಾರ ಫೋನ್ ಮಾಡುವಾಗ ಮೊದಲು ಅಂಕಿ ಹೇಳುವುದು, ಆಮೇಲೆ ಬೇರೆ ಮಾತು ಎಂದು ನಮ್ಮೊಳಗೆ ಒಪ್ಪಂದವಾಗಿದೆ.