ನಾನೇ ಬರೆಸಿದ ಐನೂರು ರೂಪಾಯಿ

ಕಳೆದುಹೋದ ಪಾರ್ಸೆಲ್ಲಿಗೆ ನನಗೆ ಸಿಕ್ಕ ಪರಿಹಾರ 500 ರೂಪಾಯಿ. ಒಳಗಿದ್ದದ್ದು ಕಸೂತಿ ಹಾಕಿಸಿದ ಎರಡು ಇಳಕಲ್ ಸೀರೆ. ಎರಡಕ್ಕೂ ಸೇರಿ ಬೆಲೆ 18,000. ಉಳಿದ ಹದಿನೇಳೂವರೆ ಸಾವಿರವನ್ನು ಕೊರಿಯರ್ ಕಂಪನಿಯವರು ನುಂಗಿದರು ಎಂದು ಬಹಳ ದಿನ ಕಂಡಕಂಡವರೆದುರು ಹೇಳಿಕೊಂಡೆ. ಪಾರ್ಸೆಲ್ ಕಳೆದವರು ಅವರೇ, ಅದರಲ್ಲಿ ಅನುಮಾನವಿಲ್ಲ. ಆದರೆ ಪರಿಹಾರ ಐನೂರಕ್ಕೆ ನಿಂತದ್ದು ನನ್ನಿಂದ. ಅಂಗಡಿಯಿಲ್ಲದೆ, ಮನೆಯಲ್ಲೇ ಕೂತು ಫೋನಿನಲ್ಲಿ ಫೋಟೋ ಕಳಿಸಿ ಸೀರೆ ಮಾರುವ ನನ್ನಂಥ ಹೆಣ್ಣುಮಕ್ಕಳು ಈಗ ಊರೂರಿಗೂ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಉಪಯೋಗವಾಗಲಿ ಎಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಸೀರೆ ಹೇಳಿದವರು ಪುಣೆಯಲ್ಲಿ ನೆಲೆಸಿರುವ ನಮ್ಮ ಕಡೆಯವರೇ. ಮಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಒಂದು ಹಸಿರು ಸೀರೆ, ಬೀಗಿತ್ತಿಗೆ ಇನ್ನೊಂದು. "ಸೆರಗಿಗೆ ಗೋಪುರ, ತೇರು, ಆನಿ ಬರಬೇಕ್ರಿ. ಮಷೀನಿಂದು ಬ್ಯಾಡ, ಕೈಯಾಗಿಂದ ಬೇಕು" ಎಂದಿದ್ದರು. ಧಾರವಾಡದಲ್ಲಿ ನನಗೆ ಕಸೂತಿ ಹಾಕಿಕೊಡುವ ಅಕ್ಕ ಒಬ್ಬರಿದ್ದಾರೆ. ಕಸೂತಿಗೆ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಎಳೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಕೊಂಡೇ ಸೂಜಿ ಹೋಗಬೇಕು. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ತಿರುಗಿ ಬಂದು ಬಿಟ್ಟ ಜಾಗ ತುಂಬಬೇಕು. ಸೆರಗನ್ನು ಮಗುಚಿದರೆ ಹಿಂದೂ ಮುಂದೂ ಒಂದೇ ಥರ ಕಾಣಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ, ಬಿಚ್ಚಿ ಮತ್ತೆ ಹಾಕಬೇಕು. ಅಂಥ ಎರಡು ಸೆರಗು ಆ ಪೊಟ್ಟಣದಲ್ಲಿದ್ದವು.

ಕೊರಿಯರ್ ಕೌಂಟರಿನ ಹುಡುಗ ತೂಕ ಹಾಕಿ, ವಿಳಾಸ ಬರೆದುಕೊಂಡು, ತಲೆ ಎತ್ತದೆ ಕೇಳಿದ: "ವ್ಯಾಲ್ಯೂ ಎಷ್ಟು ಹಾಕ್ಲಿ ಮೇಡಂ?" "ಐನೂರು ಹಾಕ್ರಿ, ಸಾಕು" ಎಂದೆ. ಪ್ರತಿ ಸಲವೂ ಹಾಗೇ ಹೇಳುತ್ತಿದ್ದೆ. ನಿಜವಾದ ಬೆಲೆ ಹೇಳಿದರೆ ಬಿಲ್ ತೋರಿಸಿ ಅನ್ನುತ್ತಾರೆ, ರಿಸ್ಕ್ ಚಾರ್ಜ್ ಎಂದು ಮೇಲೆ ದುಡ್ಡು ಕೇಳುತ್ತಾರೆ. ಜತೆಗೆ, ಹೆಚ್ಚಿನ ಬೆಲೆ ಬರೆದ ಪೊಟ್ಟಣದ ಮೇಲೆ ದಾರಿಯಲ್ಲಿ ಕಣ್ಣು ಬೀಳುತ್ತದೆ ಎಂಬ ಮಾತು ಮಾರಾಟಗಾರರಲ್ಲಿ ಓಡಾಡುತ್ತಿತ್ತು, ನಾನೂ ನಂಬಿದ್ದೆ. ರಸೀದಿಯಲ್ಲಿ 'ಓನರ್ಸ್ ರಿಸ್ಕ್', 'ಕ್ಯಾರಿಯರ್ಸ್ ರಿಸ್ಕ್' ಎಂದು ಎರಡು ಚೌಕಗಳಿದ್ದವು. ಹುಡುಗ ಮೊದಲನೆಯದಕ್ಕೆ ಟಿಕ್ ಹಾಕಿದ. ಹೋದರೆ ನಷ್ಟ ನನ್ನದು ಎಂದು ಅದರ ಅರ್ಥ. ಓದದೆ ಸಹಿ ಹಾಕಿದೆ.

ಪೊಟ್ಟಣ ಹುಬ್ಬಳ್ಳಿ ಬಿಟ್ಟಿದೆ ಎಂಬಲ್ಲಿಗೆ ಟ್ರ್ಯಾಕಿಂಗ್ ನಿಂತುಹೋಯಿತು. ಕಾಲ್ ಸೆಂಟರಿನವರು ಪ್ರತಿ ಸಲವೂ "ಅಪ್‌ಡೇಟ್ ಆಗುತ್ತೆ ಮೇಡಂ, ಕಾಯಿರಿ" ಅನ್ನುತ್ತಿದ್ದರು. ನಾನು ಕಾದೆ. ಲಿಖಿತ ದೂರು ಕೊಡಲಿಲ್ಲ, ಒಂದು ಇಮೇಲ್ ಕೂಡ ಬರೆಯಲಿಲ್ಲ. ಮಾತು ಕೆಡಿಸಿಕೊಂಡರೆ ಹುಡುಕುವವರು ಹುಡುಕದೇ ಇದ್ದಾರು ಎಂಬ ಅಂಜಿಕೆ. ಅಷ್ಟರಲ್ಲಿ ಪುಣೆಯಲ್ಲಿ ಕುಬಸ ಮುಗಿಯಿತು. ಅವರು ಅಲ್ಲೇ ಪೇಟೆಯಲ್ಲಿ ಬೇರೆ ಸೀರೆ ಕೊಂಡು ಉಡಿಸಿದರು.

ಮುಂದಿನದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ದುಡ್ಡು ವಾಪಸ್ ಕೇಳಿದಾಗ, "ಕೊರಿಯರಿನವರು ಪರಿಹಾರ ಕೊಟ್ಟ ಕೂಡಲೇ ಹಾಕ್ತೀನ್ರಿ" ಎಂದುಬಿಟ್ಟೆ. ಅವರು ದನಿ ಏರಿಸಲಿಲ್ಲ. "ನಾ ರೊಕ್ಕಾ ಕೊಟ್ಟದ್ದು ನಿಮಗರೀ. ಕೊರಿಯರಿನವರು ಯಾರಂತ ನನಗೇನು ಗೊತ್ತು?" ಎಂದರು. ಆ ಮಾತಿನ ಎದುರು ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಕೊನೆಗೆ ಪೂರ್ತಿ ದುಡ್ಡು ಹಾಕಿದೆ, ಆದರೆ ತಡವಾಗಿ. ಅವರು ಮತ್ತೆ ನನ್ನ ಹತ್ತಿರ ಸೀರೆ ತೆಗೆದುಕೊಳ್ಳಲಿಲ್ಲ. ಹೋದ ಸೀರೆಗಿಂತ ಈ ನಷ್ಟವೇ ನನ್ನನ್ನು ಹೆಚ್ಚು ಕಾಡಿದೆ.

ಆಮೇಲೆ ಕ್ಲೇಮ್ ಹಾಕಿದೆ. ಬಿಲ್ ಕೇಳಿದರು, 18,000ದ ಬಿಲ್ ಕಳಿಸಿದೆ. ಅವರ ಉತ್ತರದಲ್ಲಿ ಬೈಗುಳವಿರಲಿಲ್ಲ, ವಾದವೂ ಇರಲಿಲ್ಲ. ನನ್ನ ಸಹಿ ಇದ್ದ ರಸೀದಿಯ ಪ್ರತಿಯನ್ನು ಲಗತ್ತಿಸಿ, ಘೋಷಿತ ಮೌಲ್ಯ 500 ಎಂಬಲ್ಲಿ ಗುರುತು ಮಾಡಿದ್ದರು. ಕಳಿಸುವಾಗ ಐನೂರು, ಕೇಳುವಾಗ ಹದಿನೆಂಟು ಸಾವಿರ. ಎರಡೂ ನನ್ನವೇ ಕಾಗದಗಳು. ಯಾವುದನ್ನು ನಿಜವೆಂದು ನಂಬಿ ಎಂದು ಯಾರನ್ನು ಕೇಳುವುದು?

ಪರಿಚಯದ ವಕೀಲರ ಹತ್ತಿರ ಹೋದೆ. ಅವರು ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ಕೊರಿಯರ್ ನಡುವಿನ ಮೊಕದ್ದಮೆಯ ವಿಷಯ ಹೇಳಿದರು. ಜರ್ಮನಿಗೆ ಕಳಿಸಿದ್ದ ಸರಕಿನ ದಾಖಲೆಪತ್ರಗಳ ಲಕೋಟೆ ತಲುಪದೆ ಕಂಪನಿಗೆ ಲಕ್ಷಗಟ್ಟಲೆ ನಷ್ಟವಾಗಿತ್ತು. ಆದರೆ ಸಹಿ ಮಾಡಿದ ರಸೀದಿಯಲ್ಲಿ ಹೊಣೆಯ ಮಿತಿ 100 ಡಾಲರ್ ಎಂದಿತ್ತು. 1996ರಲ್ಲಿ ಸುಪ್ರೀಂ ಕೋರ್ಟ್ ಆ ಮಿತಿಯನ್ನೇ ಎತ್ತಿಹಿಡಿಯಿತು. ವಿವರಿಸದ, ಸಹಿ ಪಡೆಯದ ಸಣ್ಣಕ್ಷರದ ಷರತ್ತಿಗೆ ಗ್ರಾಹಕ ಕಟ್ಟುಬೀಳಬೇಕಿಲ್ಲ ಎಂದು ಗ್ರಾಹಕ ಆಯೋಗಗಳು ಹೇಳಿದ್ದೂ ಇದೆ. "ನಿಮ್ಮ ಕೇಸಿನೊಳಗ ಷರತ್ತಿನ ಮಾತೇ ಬರಂಗಿಲ್ಲರೀ. ಬೆಲಿ ಹೇಳಿದಾಕಿ ನೀವs ಅಲ್ಲೇನು?" ಎಂದರು ವಕೀಲರು. ಐದು ಲಕ್ಷದೊಳಗಿನ ದೂರಿಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬಹುದು, ಹೊಟ್ಟೆಪಾಡಿಗೆ ಸ್ವಂತ ಉದ್ಯೋಗ ಮಾಡುವವರೂ ಕಾನೂನಿನ ಕಣ್ಣಲ್ಲಿ ಗ್ರಾಹಕರೇ. ಬಾಗಿಲು ತೆರೆದೇ ಇತ್ತು. ಒಳಗೆ ಹೋಗಲು ನನ್ನ ಕೈಯಲ್ಲಿ ಸರಿಯಾದ ಕಾಗದ ಇರಲಿಲ್ಲ.

ಅದೇ ದಿನ ಅವರು 1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್ ಓದಿಸಿದರು. ಸಾಗಣೆದಾರನಿಗೆ ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಳ್ಳುವವನಿಗೇ ಒಪ್ಪಿಸಿದ ಹಾಗೆ ಎಂದು ಅದು ಹೇಳುತ್ತದೆ. ಆದರೆ ಸರಕಿನ ಗುಣಕ್ಕೆ ತಕ್ಕಂತೆ ಸಾಗಣೆದಾರನ ಜತೆ ಸರಿಯಾದ ಕರಾರು ಮಾಡಿಕೊಳ್ಳುವುದು ಮಾರುವವನ ಕರ್ತವ್ಯ. ಅದನ್ನು ಮಾಡದೆ ಸರಕು ಕಳೆದರೆ, ನನಗೆ ತಲುಪಿಲ್ಲ ಎನ್ನಲು ಕೊಳ್ಳುವವನಿಗೆ ಹಕ್ಕಿದೆ. ಪುಣೆಯ ಆ ತಾಯಿ ಫೋನಿನಲ್ಲಿ ಹೇಳಿದ್ದೂ ಇದನ್ನೇ.

ಹೋಗಲಿ, ಸರ್ಕಾರಿ ಅಂಚೆಯಲ್ಲಿ ಕಳಿಸಿದ್ದರೆ ಪೂರ್ತಿ ದುಡ್ಡು ಬರುತ್ತಿತ್ತೇ ಎಂದು ವಿಚಾರಿಸಿದೆ. ಬರುತ್ತಿರಲಿಲ್ಲ. ಕಳೆದುಹೋದ, ಕೆಟ್ಟುಹೋದ ಅಂಚೆಗೆ ತಾನಾಗಿ ಒಪ್ಪಿಕೊಂಡಷ್ಟು ಬಿಟ್ಟು ಸರ್ಕಾರ ಹೊಣೆಯಲ್ಲ ಎಂದು 1898ರ ಅಂಚೆ ಕಚೇರಿ ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ 2023ರ ಕಾಯ್ದೆಯೂ ನಿಯಮದಲ್ಲಿ ಹೇಳಿದಷ್ಟೇ ಹೊಣೆ ಎಂಬ ತತ್ವವನ್ನು ಉಳಿಸಿಕೊಂಡಿದೆ. ವಿಮೆ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದರೆ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹಲವು ವರ್ಷಗಳಿಂದ ನಡೆದುಬಂದ ಲೆಕ್ಕ ಇದು. 120 ರೂಪಾಯಿ ಕೊಟ್ಟು ಕಳಿಸಿದ್ದರೆ 240 ಸಿಗುತ್ತಿತ್ತು, ಒಳಗೆ ಏನೇ ಇರಲಿ. ವಿಮೆ ಮಾಡಿಸಿದರೆ ಮಾತು ಬೇರೆ: ವಿಮೆಯ ಮೊತ್ತದವರೆಗೆ ಪರಿಹಾರ ಕೇಳಬಹುದು, ಆದರೆ ವಸ್ತುವಿನ ನಿಜ ಬೆಲೆಗಿಂತ ಹೆಚ್ಚು ಸಿಗದು. ಹಾಗಾಗಿ ಕಡಿಮೆ ಬರೆಸಿ ಉಳಿಸುವುದೂ ಇಲ್ಲ, ಹೆಚ್ಚು ಬರೆಸಿ ಗಳಿಸುವುದೂ ಇಲ್ಲ. ಇದ್ದದ್ದನ್ನು ಇದ್ದಂತೆ ಬರೆಸುವುದೊಂದೇ ದಾರಿ.

ಈ ಎಲ್ಲದರಿಂದ ನನಗೆ ತಿಳಿದದ್ದು ಇಷ್ಟು. ಪರಿಹಾರ ಎಷ್ಟು ಸಿಗುತ್ತದೆ ಎಂಬುದು ಪಾರ್ಸೆಲ್ ಕಳೆದ ಮೇಲೆ ತೀರ್ಮಾನವಾಗುವುದಿಲ್ಲ. ಬುಕ್ ಮಾಡುವಾಗಲೇ ಕೌಂಟರಿನಲ್ಲಿ ತೀರ್ಮಾನವಾಗಿರುತ್ತದೆ. ಆಮೇಲೆ ನಾವು ಮಾಡುವ ಜಗಳ, ಕಣ್ಣೀರು, ಫೋನು ಯಾವುದೂ ಆ ಅಂಕಿಯನ್ನು ಏರಿಸುವುದಿಲ್ಲ.

ಈಗ ನಾನು ಮಾಡುವುದನ್ನು ಹೇಳುತ್ತೇನೆ. ದುಬಾರಿ ಸೀರೆಯಾದರೆ ವಿಮೆ ಇಲ್ಲದೆ ಕಳಿಸುವುದಿಲ್ಲ. ಅದರ ಖರ್ಚನ್ನು ಸೀರೆಯ ಬೆಲೆಯಲ್ಲೇ ಸೇರಿಸಿ, ಕೊಳ್ಳುವವರಿಗೆ ಮೊದಲೇ ತಿಳಿಸುತ್ತೇನೆ. ಈವರೆಗೆ ಯಾರೂ ಬೇಡ ಎಂದಿಲ್ಲ. ಕಸೂತಿಯ ಕೂಲಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಕಾಣಿಸಿ, ಅಕ್ಕನಿಂದ ರಸೀದಿ ಬರೆಸಿಕೊಳ್ಳುತ್ತೇನೆ. ಮೊದಲು ಆ ಕೂಲಿ ನಗದಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು, ಯಾವ ಕಾಗದದಲ್ಲೂ ಇರುತ್ತಿರಲಿಲ್ಲ. ಕಾಗದದಲ್ಲಿಲ್ಲದ ದುಡಿಮೆಗೆ ಯಾರೂ ಪರಿಹಾರ ಕಟ್ಟಿಕೊಡುವುದಿಲ್ಲ. ಪೊಟ್ಟಣ ಕಟ್ಟುವಾಗ ಒಳಗಿನ ಸೀರೆ, ತೂಕ, ಹೊರಗಿನ ವಿಳಾಸ ಮೂರೂ ಕಾಣುವ ಹಾಗೆ ಫೋಟೋ ತೆಗೆದಿಡುತ್ತೇನೆ. ಟ್ರ್ಯಾಕಿಂಗ್ ಎಲ್ಲಿ ನಿಂತಿತೋ ಅದರ ಚಿತ್ರ ಉಳಿಸಿಕೊಂಡು ಕೂಡಲೇ ಲಿಖಿತ ದೂರು ಕೊಟ್ಟು ನಂಬರ್ ಪಡೆಯುತ್ತೇನೆ. ಕ್ಲೇಮಿಗೆ ಗಡುವು ಇರುತ್ತದೆ. ನಾವು ಒಳ್ಳೆಯ ಮನಸ್ಸಿನಿಂದ ಕಾದೆವೆಂದು ಅದು ನಿಲ್ಲುವುದಿಲ್ಲ. ಖಾಸಗಿ ವಿಮೆ ಇದ್ದವರು ಸಾಗಣೆದಾರರಿಂದ 'ಸರ್ಟಿಫಿಕೇಟ್ ಆಫ್ ಫ್ಯಾಕ್ಟ್ಸ್' ಎಂಬ ಪತ್ರವನ್ನು ಕೇಳಿ ಪಡೆಯಬೇಕು. ವಿಮಾ ಕಂಪನಿ ಮೊದಲು ಕೇಳುವ ಕಾಗದಗಳಲ್ಲಿ ಅದೂ ಒಂದು. ಜಿಎಸ್‌ಟಿ ನೋಂದಣಿ ಇದ್ದವರು ಇನ್ನೊಂದನ್ನು ಗಮನಿಸಬೇಕು: ಕಳೆದುಹೋದ ಸರಕಿನ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗದು, ತೆಗೆದುಕೊಂಡಿದ್ದರೆ ಹಿಂದಿರುಗಿಸಬೇಕು. ವಿಮೆಯ ಮೊತ್ತ ನಿಗದಿ ಮಾಡುವಾಗ ಈ ಲೆಕ್ಕವೂ ತಲೆಯಲ್ಲಿರಲಿ.

ಇದೆಲ್ಲಕ್ಕಿಂತ ಮುಖ್ಯವಾಗಿ, ಕೊಂಡವರ ದುಡ್ಡನ್ನು ನನ್ನ ಕ್ಲೇಮಿಗೆ ಕಟ್ಟಿಹಾಕುವುದಿಲ್ಲ. ಪಾರ್ಸೆಲ್ ಸಿಗುವುದಿಲ್ಲ ಎಂದು ಖಾತ್ರಿಯಾದ ದಿನವೇ ಅವರಿಗೆ ದುಡ್ಡೋ ಬೇರೆ ಸೀರೆಯೋ ತಲುಪಬೇಕು. ಸಾಗಣೆದಾರರ ಜತೆಗಿನ ವ್ಯವಹಾರ ನನ್ನದು. ಅದು ಬಗೆಹರಿಯುವವರೆಗೆ ಅವರೇಕೆ ಕಾಯಬೇಕು?

ಸಾಗಣೆದಾರರಲ್ಲೂ ಒಂದು ಕೇಳಿಕೆಯಿದೆ. ದಿನವೂ ಅವರ ಕೌಂಟರಿಗೆ ಬರುವವರಲ್ಲಿ ರಸೀದಿಯ ಹಿಂಬದಿಯ ಇಂಗ್ಲಿಷ್ ಷರತ್ತು ಓದಲಾಗದವರೇ ಹೆಚ್ಚು. "ಹೋದರೆ ಇಷ್ಟೇ ಸಿಗುತ್ತದೆ, ಹೆಚ್ಚು ಬೇಕಿದ್ದರೆ ವಿಮೆ ಮಾಡಿಸಿ" ಎಂದು ದೊಡ್ಡ ಕನ್ನಡ ಅಕ್ಷರದಲ್ಲಿ ಗೋಡೆಗೆ ಬರೆದು ಹಾಕಲಿ. ವ್ಯಾಲ್ಯೂ ಎಷ್ಟು ಎಂದು ಕೇಳುವ ಹುಡುಗ ಆ ಒಂದು ವಾಕ್ಯವನ್ನೂ ಸೇರಿಸಿ ಹೇಳಲಿ. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನಾವೇ ಕೇಳಿಕೊಂಡು, ನಿಜವಾದ ಬೆಲೆಯನ್ನೇ ಬರೆಸೋಣ.