ಹಾಡಿಗೊಂದು ಬ್ಯಾಟರಿ, ಎಂಜಿನ್ನಿಗೊಂದು ಬ್ಯಾಟರಿ

ಆಲಪ್ಪುಳಕ್ಕೆ ಹೋಗಿ ಬಂದವರು ಕರಿಮೀನಿನ ಬಗ್ಗೆ ಬರೀತಾರೆ, ತೆಂಗಿನ ಸಾಲಿನ ಬಗ್ಗೆ ಬರೀತಾರೆ. ನಾನು ಬರೆಯಹೊರಟಿರೋದು ದೋಣಿಮನೆಯ ಬ್ಯಾಟರಿ ಬಗ್ಗೆ. ಅದಕ್ಕೆ ಕಾರಣ ನಮ್ಮ ಭಾವ. ಉಡುಪಿ ಹತ್ತಿರ ಕೆಮ್ಮಣ್ಣಿನ ಹಿನ್ನೀರಿನಲ್ಲಿ ಅವರದ್ದೊಂದು ಚಿಕ್ಕ ದೋಣಿ ಇದೆ. ಪ್ರವಾಸಿಗರು ಹಾಡು ಬೇಕು ಅಂತಾರೆ, ಸ್ಟೀರಿಯೊ ಹಾಕಿಸಬೇಕು ಅನ್ನೋದು ಅವರ ತಲೆಯಲ್ಲಿತ್ತು. ಹಾಗಾಗಿ ನಾವೆಲ್ಲ ಕಾಯಲ್ ನೋಡುತ್ತಿದ್ದರೆ ಅವರು ಚಾಲಕರ ಪಕ್ಕ ಕೂತು ವೈರು ನೋಡುತ್ತಿದ್ದರು.

ಕೆಟ್ಟುವಳ್ಳಂ ಅಂದರೆ ಕಟ್ಟಿದ ದೋಣಿ. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡಿದ್ದು. ಹಿಂದೆ ಕುಟ್ಟನಾಡಿನ ಭತ್ತ ಸಾಗಿಸುತ್ತಿದ್ದ ಈ ದೋಣಿಗಳಲ್ಲಿ ಈಗ ಮಂಚ, ಫ್ಯಾನು, ಏಸಿ ಎಲ್ಲ ಬಂದಿವೆ. ಆದರೆ ಸಂಜೆ ಐದೂವರೆಯ ಹೊತ್ತಿಗೆ ದೋಣಿಯನ್ನು ದಡಕ್ಕೆ ಕಟ್ಟಿ ಎಂಜಿನ್ ನಿಲ್ಲಿಸಿಬಿಟ್ಟರು. ಆಮೇಲೆ ಕಾಯಲ್ ಬಲೆ ಹಾಕುವ ಮೀನುಗಾರರದ್ದು. ನಮ್ಮ ದೋಣಿಯಲ್ಲಿ ಏಸಿಯ ಜನರೇಟರ್ ಶುರುವಾಗುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ಜನಕ್ಕೆ ಹಾಡು ಬೇಕಾಗುವುದು ಸರಿಯಾಗಿ ಈ ನಡುವಿನ ಮೂರ‍್ನಾಲ್ಕು ಗಂಟೆಯಲ್ಲೇ! ಆಗ ಎಲ್ಲವೂ ಬ್ಯಾಟರಿ ಮೇಲೆ.

“ಚೇಟ್ಟಾ, ಎಂಜಿನ್ ಬ್ಯಾಟರಿಯಿಂದಲೇ ಎಳ್ಕೊಂಡ್ರೆ ಆಗಲ್ವಾ?” ಅಂತ ಭಾವ ಕೇಳಿದರು, ಅರ್ಧ ಮಲಯಾಳದಲ್ಲಿ, ಅರ್ಧ ಕೈಸನ್ನೆಯಲ್ಲಿ.

ಚಾಲಕರು ನಗಲಿಲ್ಲ. ಒಂದು ಮಳೆಗಾಲದಲ್ಲಿ ವೆಂಬನಾಡಿನ ನಡುವೆ ಪ್ರೊಪೆಲ್ಲರಿಗೆ ಅಂತರಗಂಗೆ ಸುತ್ತಿಕೊಂಡು ಒಂದು ದೋಣಿ ನಿಂತಿತಂತೆ. ಕಳೆ ಬಿಡಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಟಕ್ ಟಕ್ ಅನ್ನೋ ಸದ್ದು ಮಾತ್ರ. ಹಿಂದಿನ ರಾತ್ರಿ ಹಾಡು ಬ್ಯಾಟರಿಯನ್ನು ಕುಡಿದುಬಿಟ್ಟಿತ್ತು. ಗಾಳಿಗೆ ಆ ಎತ್ತರದ ಚಾವಣಿಯೇ ಹಾಯಿಯಂತಾಗಿ ದೋಣಿ ಅಡ್ಡಡ್ಡ ತೇಲುತ್ತಿತ್ತು. ಒಳಗೆ ಮಕ್ಕಳೂ ಇದ್ದರು. ಇನ್ನೊಂದು ದೋಣಿ ಬಂದು ಹಗ್ಗ ಕಟ್ಟಿ ಎಳೆಯುವವರೆಗೆ ಯಾರಿಗೂ ಮಾತಿಲ್ಲ.

ಸ್ಟಾರ್ಟ್ ಮಾಡುವ ಬ್ಯಾಟರಿಯ ಸೀಸದ ತಟ್ಟೆಗಳು ತೆಳು. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಗಂಟೆಗಟ್ಟಲೆ ಸ್ವಲ್ಪಸ್ವಲ್ಪ ಕೊಡೋದು ದಪ್ಪ ತಟ್ಟೆಯ ಡೀಪ್ ಸೈಕಲ್ ಬ್ಯಾಟರಿಯ ಕೆಲಸ. ನಮ್ಮ ಮನೆ ಇನ್ವರ್ಟರಿನ ಟ್ಯೂಬ್ಯುಲರ್ ಇದೆಯಲ್ಲ, ಅದೇ ಜಾತಿ. ಎರಡೂ ಬೇರೆಬೇರೆ ಇರಲೇಬೇಕು.

ಎಷ್ಟು ದೊಡ್ಡದು ಬೇಕು? ಆಂಪ್ಲಿಫೈಯರ್ ಡಬ್ಬದ ಮೇಲಿನ ‘1000 ವ್ಯಾಟ್’ ನಂಬಬೇಡಿ, ಅದು ಅಂಗಡಿಯವನ ಸಂತೋಷಕ್ಕೆ. ಚಾಲಕರು ಕ್ಲ್ಯಾಂಪ್ ಮೀಟರ್ ಹಾಕಿ ತೋರಿಸಿದರು: ಮಾತಾಡಿದರೆ ಕೇಳಿಸುವಷ್ಟು ಸದ್ದಿಗೆ 12 ವೋಲ್ಟಿನಲ್ಲಿ ನಾಲ್ಕೈದು ಆಂಪಿಯರ್. ಕುಣಿತ ಶುರುವಾದರೆ ಅದರ ದುಪ್ಪಟ್ಟು. ದಿನಕ್ಕೆ ಎಂಟು ಗಂಟೆ ಅಂದರೂ 40 ಆಂಪಿಯರ್ ಅವರ್ ಆಯಿತು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯಸ್ಸು ಕಡಿಮೆ. ಹಾಗಾಗಿ 100 ಆಂಪಿಯರ್ ಅವರಿನದ್ದು ಬೇಕು. ಲೈಟು, ಫ್ಯಾನು ಅದರ ಮೇಲೆಯೇ ಇದ್ದರೆ ಲೆಕ್ಕ ಬೇರೆ.

ಚಾರ್ಜಿಂಗಿನಲ್ಲಿ ಕಿರಿಕಿರಿ ಜಾಸ್ತಿ. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಎರಡೂ ಬ್ಯಾಟರಿ ತುಂಬಲಿ, ಎಂಜಿನ್ ನಿಂತಾಗ ತಂತಾನೇ ಬೇರೆಯಾಗಲಿ ಅಂತ ನಡುವೆ ಒಂದು ರಿಲೇ ಇತ್ತು. ಆದರೂ ಸೀಸದ ಬ್ಯಾಟರಿ ಮೊದಲ ಮುಕ್ಕಾಲು ಭಾಗ ಬೇಗ ತುಂಬಿ, ಕೊನೆಯ ಕಾಲು ಭಾಗಕ್ಕೆ ಗಂಟೆಗಟ್ಟಲೆ ತಗೊಳ್ಳುತ್ತೆ. ನಾಲ್ಕೈದು ಗಂಟೆಯ ಸುತ್ತಾಟ ಸಾಲದು. ಜೆಟ್ಟಿಯಲ್ಲಿ ಕಟ್ಟಿದಾಗ ಕರೆಂಟಿನ ಚಾರ್ಜರ್ ಹಾಕಲೇಬೇಕು. ಅರೆಹೊಟ್ಟೆಯಲ್ಲೇ ದಿನಗಟ್ಟಲೆ ಬಿಟ್ಟರೆ ಒಳಗೆ ಸಲ್ಫೇಟ್ ಕಟ್ಟುತ್ತದೆ.

ಚಾವಣಿಯ ಮೇಲೆ 100 ವ್ಯಾಟಿನ ಸೋಲಾರ್ ಹಲಗೆ ಇದ್ದರೆ ಒಳ್ಳೆ ಬಿಸಿಲಿನ ದಿನ ಸುಮಾರು 30 ಆಂಪಿಯರ್ ಅವರ್ ಬಂದೀತು. ತೆಂಗಿನ ಗರಿಯ ನೆರಳು ಅಡ್ಡ ಬಿದ್ದರೆ ಮಾತ್ರ ಅದು ತುಂಬಾ ಇಳಿಯುತ್ತೆ, ಈ ಊರಲ್ಲಿ ನೆರಳಿಗೇನು ಬರವೇ? ಇದೇ ವೆಂಬನಾಡಿನಲ್ಲಿ ವೈಕಂನಿಂದ ತವಣಕ್ಕಡವಿಗೆ 75 ಜನರನ್ನು ಕೂರಿಸಿಕೊಂಡು ಹೋಗುವ ‘ಆದಿತ್ಯ’ ಸೌರದೋಣಿ 2017ರಲ್ಲಿ ಶುರುವಾಯಿತು. ಅದರ ಬ್ಯಾಟರಿ ಲಿಥಿಯಂ.

ಭಾವನ ಕಣ್ಣೂ ಲಿಥಿಯಂ ಮೇಲೇ ಇತ್ತು. 100 ಆಂಪಿಯರ್ ಅವರಿನ ಲಿಥಿಯಂ ಐರನ್ ಫಾಸ್ಫೇಟ್ ಹನ್ನೆರಡು ಕಿಲೋ ಆಸುಪಾಸು. ನೂರರಲ್ಲಿ ಎಂಬತ್ತನ್ನು ಧೈರ್ಯವಾಗಿ ಬಳಸಬಹುದು. ಆದರೆ ಅದು ಗಬಗಬ ಕರೆಂಟು ಎಳೆದು ಸಣ್ಣ ಆಲ್ಟರ್ನೇಟರನ್ನು ಕಾಯಿಸಿಬಿಡುತ್ತೆ. ಬರೀ ರಿಲೇ ಸಾಲದು, ಡಿಸಿ-ಡಿಸಿ ಚಾರ್ಜರ್ ಬೇಕು. ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಊಹಿಸೋದೂ ಕಷ್ಟ, ಖಾಲಿಯಾಗುವ ಹತ್ತಿರದವರೆಗೂ ಮುಳ್ಳು ಹೆಚ್ಚು ಕದಲೋದಿಲ್ಲ.

ಇಷ್ಟೆಲ್ಲ ಆದಮೇಲೆ ಚಾಲಕರು ಒತ್ತಿ ಹೇಳಿದ್ದು ಫ್ಯೂಸಿನ ವಿಷಯ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಬಿದಿರು, ಚಾಪೆ, ನಾರಿನ ದೋಣಿಯಲ್ಲಿ ಒಂದು ಕಿಡಿ ಸಾಕು. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಅದರ ಪೆಟ್ಟಿಗೆಗೆ ಗಾಳಿಕಿಂಡಿಯೂ ಬೇಕು. ಉಪ್ಪುನೀರಿಗೆ ಬರಿ ತಾಮ್ರ ಹಸಿರು ಕಟ್ಟುತ್ತೆ, ತವರ ಲೇಪಿಸಿದ ವೈರೇ ಹಾಕಿ ಅಂದರು. ಕೆಮ್ಮಣ್ಣಿನಲ್ಲೂ ಉಬ್ಬರಕ್ಕೆ ಉಪ್ಪು ಬರುತ್ತೆ, ಭಾವ ತಕ್ಷಣ ಬರೆದುಕೊಂಡರು.

ಎಂಟೂವರೆಗೆ ಚಾಲಕರೇ ಎದ್ದು ಸದ್ದು ತಗ್ಗಿಸಿದರು. ಹತ್ತು ಮಾರು ದೂರದ ಮನೆಯ ಜಗಲಿಯಲ್ಲಿ ಒಬ್ಬ ಹುಡುಗಿ ಪುಸ್ತಕ ಹಿಡಿದು ಕೂತಿದ್ದಳು.

ಭಾವ ಊರಿಗೆ ಬಂದು ಟ್ಯೂಬ್ಯುಲರನ್ನೇ ತಗೊಂಡರು, ಲಿಥಿಯಮ್ಮಿಗೆ ಮುಂದಿನ ವರ್ಷ ನೋಡೋಣ ಅಂತ. ಫ್ಯೂಸ್ ಮಾತ್ರ ಎರಡು ಜಾಸ್ತಿ ತಂದಿಟ್ಟಿದ್ದಾರೆ.