ಇಳಿಯುವುದೋ, ಕೂರುವುದೋ

ಹುಬ್ಬಳ್ಳಿಯಿಂದ ಬೆಳಗಿನ ಆರಕ್ಕೆ ಹೊರಟ ಬಾಡಿಗೆ ಬಸ್ಸು ಯಲ್ಲಾಪುರ ಮುಟ್ಟಿದಾಗ ಎಂಟು ದಾಟಿತ್ತು. ಶ್ರಾವಣದ ಮಳೆ ಹಿಂದಿನ ರಾತ್ರಿ ಹಿಡಿದದ್ದು ಬಿಟ್ಟಿರಲಿಲ್ಲ. ಓಣಿಯ ನಲವತ್ತು ಮಂದಿ ಕೂಡಿ ಹೊರಟ ಜೋಗದ ಪ್ರವಾಸ. ಡ್ರೈವರ್ ಹಿಂದಿರುಗಿ ನೋಡಿ, "ಇಪ್ಪತ್ತು ಮಿನಿಟ್ ನೋಡ್ರಿ, ಚಾ ಕುಡದು ಬಂದಬಿಡ್ರಿ" ಎಂದ.

ಪ್ರವಾಸದ ಬಸ್ಸು ನಿಂತಾಗಲೆಲ್ಲ ಅದರೊಳಗಿನ ಜನ ಎರಡು ಪಕ್ಷವಾಗುತ್ತಾರೆ. ಇಳಿಯುವವರದು ಒಂದು, ಕೂತೇ ಇರುವವರದು ಇನ್ನೊಂದು. ಇಳಿಯುವವರು ಎಲ್ಲಿ ಹೋದರೂ ಇಳಿಯುತ್ತಾರೆ. ಏನೂ ಇಲ್ಲದಿದ್ದರೆ ರಸ್ತೆಯಂಚಿನ ಮೈಲಿಗಲ್ಲನ್ನಾದರೂ ಓದಿ ಬರುತ್ತಾರೆ. ಕೂರುವವರಿಗೆ ಮಾತ್ರ ಪ್ರತಿ ಸಲವೂ ಒಂದು ಕಾರಣ ಬೇಕು. ಮಳೆ, ಮಂಡಿನೋವು, ಚೀಲ ಕಾಯುವ ಜವಾಬ್ದಾರಿ, ಚಹಾ ಈಗಷ್ಟೇ ಕುಡಿದದ್ದು. ಮೂರನೆಯ ಸಾಲಿನ ಕಿಟಕಿಯ ಪಕ್ಕದ ಅಮ್ಮನವರು ಯಲ್ಲಾಪುರದಲ್ಲಿ ಮಂಡಿನೋವನ್ನು ಮುಂದೆ ಮಾಡಿದರು. ಪಕ್ಕದಲ್ಲಿದ್ದ ಯಜಮಾನರು ಒಬ್ಬರೇ ಇಳಿದು ಹೋಗಿ, ಒಂದು ಕಾಗದದ ಲೋಟದಲ್ಲಿ ಚಹಾ ಹಿಡಿದು ತಂದುಕೊಟ್ಟರು.

ಅಲ್ಲಿಂದ ಶಿರಸಿಗೆ ಐವತ್ತು ಕಿಲೋಮೀಟರ್ ಆಸುಪಾಸು. ದಾರಿಯಲ್ಲಿ ಸಹಸ್ರಲಿಂಗದ ಫಲಕ ಕಂಡು ಹಿಂದಿನ ಸೀಟಿನ ಹುಡುಗರು ಕೂಗಿದರು. ಶಾಲ್ಮಲಾ ನದಿಯ ಬಂಡೆಗಳ ಮೇಲೆ ಸೋಂದೆಯ ಅರಸರ ಕಾಲದಲ್ಲಿ ಕೆತ್ತಿದ ಲಿಂಗಗಳು, ನಂದಿಗಳು ಅಲ್ಲಿವೆ. ಆದರೆ ಅವನ್ನು ನೋಡಬೇಕೆಂದರೆ ಹೊಳೆ ಇಳಿದಿರಬೇಕು. ಮಳೆಗಾಲದಲ್ಲಿ ಎಲ್ಲವೂ ಕೆಂಪು ನೀರಿನಡಿ ಇರುತ್ತವೆ. ಡ್ರೈವರ್ ಅದನ್ನೇ ಹೇಳಿ ಗಾಡಿ ನಿಲ್ಲಿಸದೆ ನಡೆಸಿದ. ಈ ಸೀಮೆಯ ತೊಂದರೆಯೇ ಅದು. ಜಲಪಾತ ನೋಡಲು ಮಳೆ ಬೇಕು, ಉಳಿದದ್ದನ್ನು ನೋಡಲು ಮಳೆ ಬೇಡ.

ಶಿರಸಿಯಲ್ಲಿ ಊಟವೂ ಸೇರಿ ಎರಡು ತಾಸಿನ ನಿಲುಗಡೆ. ಮಾರಿಕಾಂಬೆಯ ಗುಡಿ ಎಂದ ಮೇಲೆ ಮಂಡಿನೋವಿನ ಮಾತು ನಡೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ಅಮ್ಮ ಗುಡಿ ಬಿಟ್ಟು ರಥವೇರಿ ಪೇಟೆಯ ಗದ್ದುಗೆಗೆ ಬಂದು ಕೂರುವುದನ್ನು ಅವರು ಚಿಕ್ಕಂದಿನಲ್ಲಿ ಅಪ್ಪಯ್ಯನ ಹೆಗಲ ಮೇಲಿಂದ ನೋಡಿದ್ದರು. ಉಡಿ ತುಂಬಿಸಿ ಬಂದರು. ಬಸ್ಸು ಹತ್ತುವಾಗ ಓಣಿಯ ಹೆಂಗಸರಿಗೆ, ದೇವಿಯ ಮೂರ್ತಿ ಕಲ್ಲಿನದಲ್ಲ, ಮರದ್ದು ಎಂದು ತಿಳಿಸಿ ಹೇಳಿದರು. ಆಗಲೇ ಎಲ್ಲರಿಗೂ ಗೊತ್ತಾದದ್ದು, ಅಮ್ಮನವರು ಈ ಕಡೆಯವರೇ ಎಂದು.

"ಹಂಗಾರ ನಿಮ್ಮ ಊರು ಯಾವುದ್ರೀ?" ಎಂದರು ಒಬ್ಬರು.

"ಸಿದ್ದಾಪುರದ ಹತ್ರ" ಎಂದವರು ಕಿಟಕಿಯ ಕಡೆ ತಿರುಗಿದರು.

ಶಿರಸಿಯಿಂದ ಸಿದ್ದಾಪುರದವರೆಗೆ ದಂಪತಿಗಳಲ್ಲಿ ಮಾತಿರಲಿಲ್ಲ. ಇಬ್ಬರಿಗೂ ಒಂದೇ ವಿಷಯ ತಲೆಯಲ್ಲಿತ್ತು. ಸಿದ್ದಾಪುರದಿಂದ ಏಳು ಕಿಲೋಮೀಟರ್ ಒಳಗೆ ತವರುಮನೆ. ಅಡಿಕೆ ತೋಟ, ಮೇಲುಗಡೆ ಸೊಪ್ಪಿನ ಬೆಟ್ಟ, ಮನೆಯ ಮುಂದೆ ಅಂಗಳ. ಅಮ್ಮನವರು ಅಲ್ಲಿಗೆ ಕಾಲಿಡದೆ ಹದಿನೈದು ವರ್ಷವಾಗಿತ್ತು.

ಕಾರಣ ಒಂದು ಕಾಗದ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು ಎಂದು 1994ರಲ್ಲಿ ಕರ್ನಾಟಕ ಕಾನೂನು ಮಾಡಿದಾಗ, ಅದಕ್ಕೂ ಮೊದಲೇ ಮದುವೆಯಾಗಿ ಹೋದವರಿಗೆ ಅದರಲ್ಲಿ ಜಾಗವಿರಲಿಲ್ಲ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದ ಮೇಲೆ ಅವರೂ ಸೇರಿದರು. ಆಮೇಲೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ತೋಟದ ಪಹಣಿ, ಸಾಲ, ಪಾಲು ಎಂದಾಗಲೆಲ್ಲ ಅಕ್ಕತಂಗಿಯರ ಸಹಿ ಬೇಕಾಯಿತು. ಎಕರೆ ಲೆಕ್ಕದ ಸಣ್ಣ ತೋಟವನ್ನು ಐದು ಪಾಲು ಮಾಡಿದರೆ ಯಾರಿಗೂ ಹೊಟ್ಟೆಗಾಗುವುದಿಲ್ಲ ಎಂಬುದು ಅಣ್ಣಂದಿರ ಮಾತು. ಅದರಲ್ಲಿ ಸುಳ್ಳೂ ಇಲ್ಲ. ಅಮ್ಮನವರಿಗೂ ಪಾಲು ಬೇಕಿರಲಿಲ್ಲ. ಆದರೆ ಹಕ್ಕು ಬಿಡುಗಡೆಯ ಪತ್ರ ಹಿಡಿದು ಹುಬ್ಬಳ್ಳಿಗೆ ಬಂದವನು ವಕೀಲರ ಗುಮಾಸ್ತ, ಅಣ್ಣ ಬರಲಿಲ್ಲ. "ಅಣ್ಣ ಬಂದು ಒಂದು ಮಾತು ಕೇಳಿದ್ದರೆ" ಎಂದು ಅವರು ಆ ದಿನ ಅಂದದ್ದು ಒಂದೇ ಸಲ. ಸಹಿ ಹಾಕಿಕೊಟ್ಟರು, ಮತ್ತೆ ಹೋಗಲಿಲ್ಲ. ಅಣ್ಣ ತೀರಿಕೊಂಡಾಗ ಇಲ್ಲಿ ಯಜಮಾನರು ಆಸ್ಪತ್ರೆಯಲ್ಲಿದ್ದರು. ಅದು ನಿಜವಾದ ಕಾರಣವೇ ಆದರೂ ನೆಪದಂತೆ ಕೇಳಿಸಿತು. ಈಗ ಮನೆಯಲ್ಲಿರುವುದು ಅಣ್ಣನ ಮಗನ ಸಂಸಾರ.

ಸಿದ್ದಾಪುರದಲ್ಲಿ ಮತ್ತೆ ಚಹಾ. ಹದಿನೈದು ಮಿನಿಟು.

"ಇಳಿತ್ಯಾ?" ಎಂದರು ಯಜಮಾನರು.

"ಹದಿನೈದು ಮಿನಿಟಲ್ಲಿ ಎಲ್ಲಿಗೆ ಹೋಪದು? ಬಸ್ಸು ಬಿಟ್ಟು ಹೋಗ್ತು."

ಬಿಟ್ಟು ಹೋಗುವ ಭಯ ಬಸ್ಸಿನವರಿಗಷ್ಟೇ ಅಲ್ಲ. ಈಗ ನಮ್ಮ ಮಂಗಳೂರಿನ ಬಂದರಿಗೂ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗಿನಿಂದ ಇಳಿದವರು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಮರಳುತ್ತಾರೆ. ಇಳಿಯದವರು ಹಡಗಿನಲ್ಲೇ ಮಲಗಿರುತ್ತಾರೆ. ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಂತೂ ಇದು ನಿತ್ಯದ ಸಂಗತಿ. ಅಲ್ಲಿಯ ಪದ್ಧತಿ ನಿಷ್ಠುರವಾದದ್ದು. ಹಡಗಿನವರೇ ಏರ್ಪಡಿಸಿದ ತಿರುಗಾಟದಲ್ಲಿ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ತಾನೇ ಟ್ಯಾಕ್ಸಿ ಹಿಡಿದು ಹೋದವನಿಗೆ ಕಾಯುವುದಿಲ್ಲ. ಅವನು ಸ್ವಂತ ಖರ್ಚಿನಲ್ಲಿ ಮುಂದಿನ ಬಂದರು ಸೇರಬೇಕು. ಅಂಥ ಕಡೆ ಇಳಿಯದಿರಲು ಒಂದು ಗಟ್ಟಿ ಕಾರಣವಾದರೂ ಇದೆ.

ಇಲ್ಲಿ ಆ ಕಾರಣವನ್ನು ಡ್ರೈವರ್ ಉಳಿಸಲಿಲ್ಲ. ಟೈರಿಗೆ ಕಾಲಿನಿಂದ ಒದ್ದು ನೋಡುತ್ತಿದ್ದವನು ಇವರ ಮಾತು ಕೇಳಿ, "ಜೋಗ ಇಲ್ಲಿಂದ ಇಪ್ಪತ್ತ ಕಿಲೋಮೀಟರ್ ಅಷ್ಟ್ರಿ. ಸಂಜಿ ಆರಕ್ಕ ಇದ ದಾರಿಗೆ ವಾಪಸ್ ಬರ್ತೀವಿ. ಬಸ್ ಸ್ಟ್ಯಾಂಡಿನಾಗ ನಿಂದರ್ರಿ, ಹತ್ತಿಸ್ಕೊಂಡ ಹೋಗತೀನಿ" ಎಂದುಬಿಟ್ಟ.

ಇನ್ನು ಹೇಳಲು ಏನೂ ಉಳಿಯಲಿಲ್ಲ. ಹೊತ್ತು ಸಾಲದು ಎನ್ನುವಂತಿರಲಿಲ್ಲ, ಬಸ್ಸು ತಪ್ಪುತ್ತದೆ ಎನ್ನುವಂತಿರಲಿಲ್ಲ. ಅಮ್ಮನವರು ಸೆರಗು ಸರಿಮಾಡಿಕೊಂಡು ಒಂದೆರಡು ಮಿನಿಟು ಸುಮ್ಮನೆ ಕೂತರು. ಹಿಂದಿನ ಸೀಟಿನವರು, "ಜೋಗ ತಪ್ಪತದಲ್ರಿ" ಎಂದು ಮರುಗಿದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಾದ ಮೇಲೆ ಜೋಗ ಮೈದುಂಬುವುದೇ ಮಳೆಗಾಲದಲ್ಲಿ. ಅವರ ಮರುಕ ಸುಳ್ಳಲ್ಲ.

"ಅಲ್ಲಿ ಹೋದ ಮೇಲೆ ಯಾರೂ ಮಾತಾಡ್ಸದಿದ್ರೆ?" ಎಂದರು ಅಮ್ಮನವರು ಮೆಲ್ಲಗೆ.

"ಮಾತಾಡ್ಸದಿದ್ರೆ ಮನೆ ನೋಡ್ಕಂಡು ಬಪ್ಪನ. ಆಟೋ ನಿಲ್ಸಿರ್ತಿ" ಎಂದು ಯಜಮಾನರು ಮೇಲಿನ ಚೀಲ ಇಳಿಸಿದರು. ಮಾರಿಕಾಂಬೆಯ ಪ್ರಸಾದ ಅದರಲ್ಲಿತ್ತು.

ಆಟೋದವನು ಮಣ್ಣುರಸ್ತೆಯ ತಿರುವಿನಲ್ಲೇ ನಿಂತ, ಮುಂದೆ ಕೆಸರು. ಒಂದು ಫರ್ಲಾಂಗು ಒಂದೇ ಕೊಡೆಯಲ್ಲಿ ನಡೆದರು. ಯಲ್ಲಾಪುರದಲ್ಲಿ ಎರಡು ಮೆಟ್ಟಿಲು ಇಳಿಯಲು ಒಪ್ಪದ ಮಂಡಿ ಇಲ್ಲಿ ಜಾರುವ ದಾರಿಯನ್ನು ಇಳಿಯಿತು. ಜಗಲಿಗೆ ಸಿಮೆಂಟು ಬಿದ್ದಿತ್ತು. ಕೊಟ್ಟಿಗೆ ಇದ್ದಲ್ಲಿ ಬೈಕು ನಿಂತಿತ್ತು. ಒಳಗಿನಿಂದ ಬಂದ ಹುಡುಗಿ ಅಣ್ಣನ ಸೊಸೆ ಇರಬೇಕು. ಅವಳಿಗೆ ಗುರುತು ಸಿಗಲಿಲ್ಲ. ಆದರೂ ಯಾರೆಂದು ಕೇಳುವ ಮೊದಲೇ ಕಾಲು ತೊಳೆಯಲು ನೀರು ತಂದಿಟ್ಟು, "ಬನ್ನಿ, ಕೂತ್ಕಳಿ. ಆಸ್ರಿಗೆ ಎಂತ ಮಾಡ್ಲಿ?" ಎಂದಳು.

ಅಮ್ಮನವರು ಕಂಬ ಹಿಡಿದುಕೊಂಡು ನಿಂತರು. ಉತ್ತರ ಯಜಮಾನರೇ ಹೇಳಬೇಕಾಯಿತು.

ಸಂಜೆ ಬಸ್ಸು ಬಂದದ್ದು ಆರೂವರೆಗೆ. ಒಳಗೆ ಒದ್ದೆ ಬಟ್ಟೆಯ ವಾಸನೆ. ಮಂಜು ಒಂದೇ ಒಂದು ಸಲ ಸರಿಯಿತು, ರಾಜ ಕಂಡ, ರಾಣಿ ಅರ್ಧ ಕಂಡಳು ಎಂದು ಎಲ್ಲರೂ ಒಟ್ಟಿಗೇ ವರದಿ ಒಪ್ಪಿಸಿದರು. ಅಮ್ಮನವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತ, ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಉರುಳದಂತೆ ಎರಡು ಪಾದಗಳ ನಡುವೆ ಇಟ್ಟುಕೊಂಡರು. ಯಲ್ಲಾಪುರದಲ್ಲಿ ಬಸ್ಸು ಮತ್ತೆ ನಿಂತಾಗ ಮಳೆ ಜೋರಾಗಿತ್ತು. ಯಜಮಾನರು ಎದ್ದರು. "ನಾನೂ ಬತ್ತಿ" ಎಂದು ಅಮ್ಮನವರು ಭರಣಿಯನ್ನು ಹಿಂದಿನ ಸೀಟಿನವರ ಕೈಗೆ ಕೊಟ್ಟರು.